ಕಾಯಿ ಎಣಿಸುವವನ ಗಂಟಲು

ಮರುಳಪ್ಪನವರ ತೋಟದಲ್ಲಿ ಆ ದಿನ ನಾವಿದ್ದದ್ದು ನಾಲ್ಕೇ ಜನ. ತೋಟದ ಯಜಮಾನರಾದ ಮರುಳಪ್ಪನವರು ಒಣಗಿದ ಸೋಗೆಯ ಮೇಲೆ ಕಾಲು ಚಾಚಿ ಕೂತಿದ್ದರು. ತೆಂಗಿನಕಾಯಿ ಕೊಳ್ಳಲು ತಿಪಟೂರಿನಿಂದ ಬಂದಿದ್ದ ವ್ಯಾಪಾರಿ ಶಿವಣ್ಣ, ಬಿಳಿ ಪಂಚೆಗೆ ಮಣ್ಣು ಹತ್ತದ ಹಾಗೆ ಎತ್ತಿ ಕಟ್ಟಿಕೊಂಡು ರಾಶಿಯ ಆ ಬದಿಗೆ ನಿಂತಿದ್ದ. ನನ್ನ ಹೆಂಡತಿ ಪಾರ್ವತಿ ಬಿರುಕು ಬಿಟ್ಟ ಕಾಯಿ ಆರಿಸಿ ಪಕ್ಕಕ್ಕೆ ಹಾಕುತ್ತಿದ್ದಳು. ನಾನು ರಾಶಿಯ ಬುಡದಲ್ಲಿ ಬಗ್ಗಿ ಎಣಿಸುತ್ತಿದ್ದೆ. ಎಮರ್ಜೆನ್ಸಿ ಮುಗಿದ ಮೇಲಿನ ಬೇಸಿಗೆ ಅದು.

ನಮ್ಮ ಕಡೆ ಕಾಯಿ ಎಣಿಸುವುದೆಂದರೆ ಮನಸ್ಸಿನಲ್ಲೇ ಲೆಕ್ಕ ಹಾಕಿ ಕೊನೆಗೊಂದು ಅಂಕಿ ಹೇಳುವುದಲ್ಲ. ಕೂಗಿ ಎಣಿಸಬೇಕು. ಎರಡೂ ಕೈಗೆ ಕಾಯಿ ಹಿಡಿದು, ಒಂದೊಂದು ಕಾಯಿ ಆಚೆಗೆ ಎಸೆದಾಗಲೂ ಒಂದೊಂದು ಅಂಕಿಯನ್ನು ರಾಗವಾಗಿ ಎಳೆದು ಕೂಗಬೇಕು. ಮಾರುವವರಿಗೂ ಕೇಳಬೇಕು, ಕೊಳ್ಳುವವರಿಗೂ ಕೇಳಬೇಕು. ಮೊದಲನೆಯದನ್ನು ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ. ಲಾಭ, ಎರಡು, ಮೂರು ಎಂದು ನೂರರವರೆಗೆ ಕೂಗಿದ ಮೇಲೆ ಯಜಮಾನರು ಎದ್ದು ಬಂದು ಒಂದು ಕಾಯಿ ತೆಗೆದು ಬೇರೆ ಇಡುತ್ತಾರೆ. ಇಟ್ಟರೆ ಆ ನೂರು ಒಪ್ಪಿಗೆಯಾಯಿತು. ನಡುವೆ ದನಿ ಮುರಿದರೆ ಅದು ಒಪ್ಪಿಗೆಯಲ್ಲ, ಮತ್ತೆ ಮೊದಲಿಂದ.

ಇದನ್ನು ನನಗೆ ಕಲಿಸಿದವರು ನನ್ನ ತಾತ. ಎಣಿಕೆಯನ್ನಷ್ಟೇ ಅಲ್ಲ, ಮಾತನ್ನೂ ನಾನು ಕಲಿತದ್ದು ಅವರ ಜೊತೆ ರಾಶಿಗಳ ಪಕ್ಕದಲ್ಲಿ ಕೂತೇ. ಎಣಿಕೆ ನಿಂತ ಕೂಡಲೇ ಕತೆ ಶುರುವಾಗುತ್ತಿತ್ತು. ಎಲೆ ಅಡಿಕೆ ಹಾಕಿಕೊಂಡು, ಯಾರ ಮನೆ ಎಮ್ಮೆ ಯಾರ ಮದುವೆ ಚಪ್ಪರ ತಿಂದಿತು ಎಂಬಲ್ಲಿಂದ ಹಿಡಿದು ಸಂಜೆಯವರೆಗೆ. ನನಗೂ ಆ ಚಾಳಿ ಅಂಟಿತು. ತುರುವೇಕೆರೆ ಸುತ್ತಿನ ತೋಟಗಳಲ್ಲಿ ನನ್ನನ್ನು ಕರೆಯುತ್ತಿದ್ದದ್ದು ಅರ್ಧ ಎಣಿಕೆಗೆ, ಅರ್ಧ ಕತೆಗೆ.

ಅವತ್ತು ಅರವತ್ತು ದಾಟಿರಬಹುದು, ಕೂಗಿದರೆ ಗಾಳಿ ಬಂತು, ದನಿ ಬರಲಿಲ್ಲ. ಕ್ಯಾಕರಿಸಿ ಮತ್ತೆ ಕೂಗಿದೆ. ಹರಿದ ಜರಡಿಯಿಂದ ಹಿಟ್ಟು ಸುರಿದ ಹಾಗೆ ಏನೋ ಉದುರಿತು.

"ಏನ್ಲಾ ಬಸವ, ನಾರು ನುಂಗ್ಬುಟ್ಟೆಯಾ?" ಎಂದರು ಮರುಳಪ್ಪನವರು.

"ಧೂಳು ಅಯ್ಯ," ಎಂದೆ. ಅದೂ ಅರ್ಧವೇ ಕೇಳಿಸಿತು.

"ಧೂಳಾದ್ರೆ ನೀರು ಕುಡಿ. ಮೊದ್ಲಿಂದ ಎಣಿಸ್ಲಾ, ನಂಗೆ ಒಪ್ಗೆ ಇಲ್ಲ."

ನೀರು ಕುಡಿದು ಮೊದಲಿಂದ ಎಣಿಸಿದೆ. ಮತ್ತೆ ಅಲ್ಲೇ ಎಲ್ಲೋ ಮುರಿಯಿತು. ಶಿವಣ್ಣ ಕೈಗಡಿಯಾರ ನೋಡಿಕೊಂಡ. ಆ ರಾಶಿಯನ್ನು ಕೊನೆಗೆ ಎಣಿಸಿದ್ದು ಪಕ್ಕದ ಹಳ್ಳಿಯಿಂದ ಕರೆಸಿದ ಇನ್ನೊಬ್ಬ. ನಾನು ಪಾರ್ವತಿಯ ಜೊತೆ ಬಿರುಕು ಕಾಯಿ ಆರಿಸಿದೆ.

ಮನೆಯ ಮದ್ದು ನಮ್ಮಲ್ಲಿ ಏನು ಕಡಿಮೆ? ಮೆಣಸು ಜೇನು, ಶುಂಠಿ ಕಷಾಯ, ಉಪ್ಪುನೀರು. ಪಾರ್ವತಿಯ ತಾಯಿ ಬಂದು ದೃಷ್ಟಿ ತೆಗೆದು ಹೋದರು. ದನಿ ಬೆಳಿಗ್ಗೆ ಇದ್ದರೆ ಸಂಜೆಗೆ ಇಲ್ಲ. ತಿಪಟೂರಿನ ಡಾಕ್ಟರು ಮಾತ್ರೆ ಕೊಟ್ಟರು, ಟಾನಿಕ್ ಕೊಟ್ಟರು. ಮಳೆಗಾಲ ಹಾಗೇ ಕಳೆಯಿತು. ಕೊನೆಗೆ ಒಂದು ದಿನ ನಾಲಿಗೆ ಒತ್ತಿ ಬ್ಯಾಟರಿ ಬಿಟ್ಟು ನೋಡಿ, ಬ್ಯಾಟರಿ ಆರಿಸಿ ಮೇಜಿನ ಮೇಲಿಟ್ಟರು.

"ನನ್ ಬೆಳಕು ಅಷ್ಟು ಕೆಳಗೆ ಹೋಗಲ್ಲ ಕಣ್ರೀ. ಬೆಂಗಳೂರಿಗೆ ಹೋಗಿ. ಬೀಡಿ ಸೇದ್ತೀರಾ?"

"ಇಲ್ಲ ಸಾರ್, ಬರೀ ಎಲೆ ಅಡಿಕೆ."

"ಹೊಗೆಸೊಪ್ಪು?"

ಪಾರ್ವತಿ, "ಹಾಕ್ತಾರೆ ಸಾರ್. ಇಷ್ಟು ದಿನ ನಾನು ಹೇಳಿದ್ರೆ ಕೇಳ್ಲಿಲ್ಲ, ಈಗ ನೀವು ಹೇಳಿ," ಎಂದಳು. ಡಾಕ್ಟರು ಬೈದಿದ್ದರೆ ನನಗೆ ಎಷ್ಟೋ ಧೈರ್ಯ ಬರುತ್ತಿತ್ತು. ಬೈಯದೆ ಚೀಟಿ ಬರೆದರು. ಆ ರೋಗದ ಹೆಸರನ್ನು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ, ರೈಲಿನಲ್ಲಿ ಬೆಂಗಳೂರಿನವರೆಗೂ ಅದು ನನ್ನ ಮತ್ತು ಪಾರ್ವತಿಯ ನಡುವೆ ಮೂರನೆಯವರ ಹಾಗೆ ಕೂತು ಬಂತು.

ಬೆಂಗಳೂರಿನ ಆ ದೊಡ್ಡ ಆಸ್ಪತ್ರೆಯಲ್ಲಿ ಗಂಟಲಿನವರಿಗೆ ಉದ್ದನೆಯ ಒಂದು ಹಜಾರ. ಕೂತು ಕೂತು ಬೆಂಚುಗಳ ಅಂಚು ನುಣುಪಾಗಿತ್ತು. ಎಲ್ಲ ಆಸ್ಪತ್ರೆಯಲ್ಲೂ ಗದ್ದಲವಿರುತ್ತದೆ, ಅಲ್ಲಿ ಮಾತ್ರ ಇರಲಿಲ್ಲ. ಬಂದವರಲ್ಲಿ ಬಹಳ ಜನಕ್ಕೆ ದನಿಯೇ ಇಲ್ಲ, ಗದ್ದಲ ಮಾಡುವವರು ಯಾರು?

ನಮ್ಮ ಪಕ್ಕ ಕೂತಿದ್ದವನು ಮಂಡ್ಯ ಕಡೆಯ ದರ್ಜಿ. ಕೊರಳಿಗೆ ಮಗುವಿನ ಜೊಲ್ಲುಬಟ್ಟೆಯಂಥದ್ದೊಂದು ಕಟ್ಟಿಕೊಂಡಿದ್ದ. ಕೆಮ್ಮಿದಾಗ ಬಟ್ಟೆ ಹಾರಿತು, ಕೆಳಗೆ ತೂತು ಕಂಡಿತು. ಗಂಟಲ ಪೆಟ್ಟಿಗೆಯನ್ನೇ ತೆಗೆದುಬಿಟ್ಟಿದ್ದರು. ಅವನು ಬರೀ ತುಟಿ ಆಡಿಸುತ್ತಿದ್ದ, ಅದನ್ನು ನೋಡಿಕೊಂಡು ಅವನ ಹೆಂಡತಿ ದನಿ ಕೊಟ್ಟು ಹೇಳುತ್ತಿದ್ದಳು.

"ಯಾವೂರು ಅಂತ ಕೇಳ್ತಾವ್ರೆ," ಎಂದಳು ಆಕೆ.

ಪಾರ್ವತಿ ಹೇಳಿದಳು. ಅವನು ಮತ್ತೆ ತುಟಿ ಆಡಿಸಿದ. ಆಕೆ ನಕ್ಕು, "ಹೇಳಲ್ಲ ಹೋಗಿ," ಎಂದಳು. ಅವನು ಅವಳ ತೋಳು ತಿವಿದ.

"ಇವ್ಳನ್ನ ಬೈಯ್ಯಾಕೂ ನಂಗೆ ಇವ್ಳೇ ಬೇಕು ಅಂತಾವ್ರೆ," ಎಂದು ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನು ದನಿಯಿಲ್ಲದೆ, ಹೊಟ್ಟೆ ಕುಲುಕಿಸಿ ನಕ್ಕ. ನನಗೆ ನಗು ಬರಲಿಲ್ಲ. ನಾನು ಆ ಬಟ್ಟೆಯನ್ನೇ ನೋಡುತ್ತಿದ್ದೆ. ಪಾರ್ವತಿ ಆ ಹೆಂಗಸಿನ ಕಣ್ಣನ್ನು ನೋಡುತ್ತಿದ್ದಳು, ಅವು ಗಂಡನ ತುಟಿ ಬಿಟ್ಟು ಅತ್ತಿತ್ತ ಹೋಗುತ್ತಲೇ ಇರಲಿಲ್ಲ.

ಒಳಗೆ ಡಾಕ್ಟರ ಹಣೆಗೆ ದುಂಡನೆಯ ಕನ್ನಡಿ. ಕೈಯಲ್ಲಿ ಉದ್ದ ಹಿಡಿಯ ಇನ್ನೊಂದು ಪುಟ್ಟ ಕನ್ನಡಿ, ಎಂಟಾಣೆಯಷ್ಟಗಲ. ಅದನ್ನು ಸ್ಪಿರಿಟ್ ದೀಪಕ್ಕೆ ಹಿಡಿದು ಬೆಚ್ಚಗೆ ಮಾಡಿದರು. ಬಾಯಿಗಿಡುವ ಮೊದಲು ತಮ್ಮ ಅಂಗೈಯ ಹಿಂಬದಿಗೆ ತಾಕಿಸಿ ನೋಡಿಕೊಂಡರು, ಸುಡುತ್ತದೆಯೋ ಏನೋ ಎಂದು. ಮಗುವಿನ ಹಾಲು ನೋಡುವ ಹಾಗೆ. ಇಷ್ಟು ವರ್ಷಗಳಲ್ಲಿ ಆ ಆಸ್ಪತ್ರೆಯ ಬಗ್ಗೆ ಏನೇನೋ ಮರೆತಿದ್ದೇನೆ, ಅದನ್ನು ಮರೆತಿಲ್ಲ.

ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಹೊರಗೆಳೆದು, "ಈ ಅನ್ನಿ," ಎಂದರು. ನಾಲಿಗೆ ಅವರ ಕೈಯಲ್ಲಿ, ನಾನು ಈ ಅನ್ನುವುದು ಹೇಗೆ? ವಾಕರಿಕೆ ಬಂತು. "ಇನ್ನೊಂದ್ಸಲ. ಮೂಗಲ್ಲಿ ಉಸಿರಾಡಿ. ಈ..." ಕಣ್ಣಲ್ಲಿ ನೀರು ಸುರಿಯಿತು. ಅವರು ಕನ್ನಡಿಯಲ್ಲಿ ಏನು ನೋಡಿದರೋ, ಇನ್ನೊಬ್ಬ ಡಾಕ್ಟರನ್ನು ಕರೆದು ಅವರಿಗೂ ತೋರಿಸಿದರು. ಇಬ್ಬರು ನೋಡಿದರೆಂದ ಮೇಲೆ ಏನೋ ಇದೆ ಎಂದೇ ಲೆಕ್ಕ.

ಆಮೇಲೆ ಎಕ್ಸ್‌ರೇ. ಪಕ್ಕಕ್ಕೆ ನಿಲ್ಲಿಸಿ ತೆಗೆದದ್ದು ಬೇಗ ಮುಗಿಯಿತು. ಇನ್ನೊಂದಿತ್ತು, ಗಂಟಲನ್ನು ಪದರ ಪದರವಾಗಿ ತೆಗೆಯುವುದು. ತಣ್ಣನೆಯ ಹಲಗೆಯ ಮೇಲೆ ಮಲಗಿಸಿದರು. ನನ್ನ ಮೇಲೆ ಯಂತ್ರದ ತೋಳು ತೊಟ್ಟಿಲ ಹಾಗೆ ಈ ಕಡೆಯಿಂದ ಆ ಕಡೆಗೆ ತೂಗುತ್ತಿತ್ತು. ಒಂದೊಂದು ಪದರಕ್ಕೂ ಒಂದೇ ಉಸಿರಿನಲ್ಲಿ ಈ ಎಂದು ಎಳೆಯಬೇಕು, ಕದಲಬಾರದು. ದನಿಯೇ ಇಲ್ಲದವನನ್ನು ದನಿ ಎಳೆ ಎಂದರೆ! ಮುರಿದಾಗಲೆಲ್ಲ ಗಾಜಿನ ಆಚೆಯಿಂದ, "ಮತ್ತೆ ಮೊದಲಿಂದ," ಎಂದು ಕೂಗುತ್ತಿದ್ದರು. ಮರುಳಪ್ಪನವರು ನನಗಿಂತ ಮುಂಚೆ ಇಲ್ಲಿಗೆ ಬಂದು ಕೂತಿದ್ದಾರೋ ಹೇಗೆ ಅನ್ನಿಸಿತು.

ಮಾರನೆಯ ದಿನ ಡಾಕ್ಟರು ಆ ಕಪ್ಪು ಹಾಳೆಗಳನ್ನು ಬೆಳಕಿಗೆ ಹಿಡಿದು ತೋರಿಸಿದರು. ನನ್ನ ದನಿ ಹೀಗಿರುತ್ತದೆಂದು ನಾನು ಎಂದೂ ಅಂದುಕೊಂಡಿರಲಿಲ್ಲ. ಬೂದಿ ಬಣ್ಣದಲ್ಲಿ ಎರಡು ಅಂಚು, ನಡುವೆ ಕಪ್ಪು ಸಂದು. ಒಂದು ಅಂಚು ನೆಟ್ಟಗಿತ್ತು. ಇನ್ನೊಂದರ ಮೇಲೆ ಹಿಟ್ಟಿನ ಮುದ್ದೆ ಮೆತ್ತಿದ ಹಾಗೆ ಏನೋ ಕೂತಿತ್ತು.

"ಅದೇನು ಸಾರ್?" ಎಂದು ಕೇಳಿದವಳು ಪಾರ್ವತಿ.

"ತೆಗೆದು ಪರೀಕ್ಷೆಗೆ ಕಳಿಸಿದ ಮೇಲೇ ಹೇಳೋಕಾಗೋದಮ್ಮ."

"ಗಂಟ್ಲು ಕುಯ್ತೀರಾ?" ಅವಳ ಕಣ್ಣೆದುರು ದರ್ಜಿಯ ಬಟ್ಟೆ ಹಾರುತ್ತಿತ್ತೆಂದು ನನಗೆ ಗೊತ್ತಾಯಿತು.

"ಹೊರಗಿಂದ ಕುಯ್ಯಲ್ಲ. ಬಾಯಿಂದ ಒಂದು ಕೊಳವೆ ಇಳಿಸ್ತೀವಿ. ಮೇಲಿಂದ ದುರ್ಬೀನಿನಂಥದ್ದರಲ್ಲಿ ನೋಡ್ಕೊಂಡು, ಚಿಕ್ಕ ಇಕ್ಕಳದಲ್ಲಿ ಕೀಳ್ತೀವಿ."

"ಕಿತ್ತ ಮೇಲೆ ದನಿ?"

"ನೋಡೋಣ," ಎಂದರು. ದೊಡ್ಡ ಆಸ್ಪತ್ರೆಯ ನೋಡೋಣ ನಮ್ಮೂರಿನ ನೋಡೋಣದ ಹಾಗಲ್ಲ. ಹೊಟ್ಟೆಯೊಳಗೆ ಹೋಗಿ ಕೂರುತ್ತದೆ.

ಆಪರೇಷನ್ ಕೋಣೆಯ ಚಳಿಯಲ್ಲಿ ಮಲಗಿಸಿ, ಕೈಗೆ ಸೂಜಿ ಚುಚ್ಚಿದ ಮೇಲೆ, ಎಚ್ಚರ ತಪ್ಪಿಸುವ ಡಾಕ್ಟರಮ್ಮ ತಲೆಯ ಹತ್ತಿರ ಬಗ್ಗಿ ಹೇಳಿದರು, "ಒಂದರಿಂದ ಎಣಿಸ್ತಾ ಹೋಗಿ."

ಎಣಿಸಬೇಕೆಂದರೆ ನನ್ನ ಬಾಯಿಗೆ ಬರುವುದು ಒಂದೇ ರೀತಿ. "ಲಾಭ," ಎಂದೆ, ಇದ್ದ ಗಾಳಿಯಲ್ಲೇ ಎಳೆದು.

"ಏನಂದ್ರಿ?"

"ಲಾಭ..."

"ಇಷ್ಟು ಬೇಗ ಬಡಬಡಿಸ್ತಿದಾರಲ್ಲ? ಔಷಧಿ ಇನ್ನೂ ಒಳಗೆ ಹೋಗೇ ಇಲ್ಲ," ಎಂದು ಆಕೆ ಗಾಬರಿಯಾಗಿ ಸೂಜಿ ಹಿಡಿದಿದ್ದವರ ಕಡೆ ನೋಡಿದರು.

ನಾನು ಕೈಯಾಡಿಸಿ, ಗೊಗ್ಗರು ದನಿಯಲ್ಲಿ, "ಬಡಬಡಿಕೆ ಅಲ್ಲಮ್ಮ. ಕಾಯಿ ಎಣಿಸೋರು ನಾವು, ಒಂದು ಅನ್ಬಾರ್ದು. ಲಾಭ ಅನ್ಬೇಕು," ಎಂದೆ.

ಮುಖಕ್ಕೆ ಬಟ್ಟೆ ಕಟ್ಟಿಕೊಂಡವರೆಲ್ಲ ನಕ್ಕರು. "ಆಯ್ತು, ಲಾಭದಿಂದಲೇ ಎಣಿಸಿ," ಎಂದರು ಆಕೆ. ಆ ನಗುವಿನ ನಡುವೆ ಎರಡು, ಮೂರು ಅಂದ ನೆನಪಿದೆ. ಅಷ್ಟೆ.

ಎದ್ದಾಗ ಗಂಟಲಿಗಿಂತ ಹಲ್ಲು ನೋಯುತ್ತಿತ್ತು. ಕೊಳವೆ ಒರಗಿಸಿದ್ದ ಮೇಲಿನ ಹಲ್ಲೊಂದು ಅಲುಗಾಡುತ್ತಿತ್ತು. ನಾಲಿಗೆ ದಪ್ಪಗಾಗಿ ಬಾಯಲ್ಲಿ ಹಿಡಿಸುತ್ತಿರಲಿಲ್ಲ. ಏನೋ ಹೇಳಹೋದೆ. ಪಾರ್ವತಿ ತಟಕ್ಕನೆ ನನ್ನ ಬಾಯಿ ಮುಚ್ಚಿದಳು.

"ಮಾತಾಡಂಗಿಲ್ಲ! ಪಿಸುಗುಟ್ಟೋದಂತೂ ಇನ್ನೂ ಕೆಟ್ಟದ್ದಂತೆ. ಡಾಕ್ಟ್ರು ಹೇಳೋವರ್ಗೂ ಬಾಯಿ ಬಿಟ್ರೆ ನೋಡಿ ಮತ್ತೆ." ಆಮೇಲೆ ಕೈ ತೆಗೆಯದೆಯೇ, ಬೇರೆ ದನಿಯಲ್ಲಿ ಹೇಳಿದಳು, "ನೀವು ಒಳಗಿದ್ದಷ್ಟು ಹೊತ್ತೂ ನಾನು ಹೊರಗೆ ಕೂತು ಕಿಟಕಿ ಸರಳು ಎಣಿಸ್ತಿದ್ದೆ ಕಣ್ರೀ. ನಿಮ್ಮಂಗೇ, ರಾಗವಾಗಿ. ಆಸ್ಪತ್ರೆ ಆಯಮ್ಮ ಬಂದು, ಹುಚ್ಚು ಹಿಡೀತಾ ನಿಂಗೆ ಅಂದ್ಲು. ನಿಲ್ಸಿದ್ರೆ ಏನಾದ್ರೂ ಆಗ್ಬುಡ್ತದೆ ಅನ್ನಿಸ್ತು. ಎಣಿಸ್ತಾನೇ ಇದ್ದೆ."

ಪರೀಕ್ಷೆಯ ಫಲ ಬರುವವರೆಗೆ ಕಾಯಬೇಕಿತ್ತು. ಮಾತಿಗೆ ಬದಲಾಗಿ ಒಂದು ಸ್ಲೇಟು ಕೊಂಡುಕೊಂಡೆ. ಪಾರ್ವತಿಗೆ ಓದು ಬಾರದು ಎನ್ನುವುದು ಕೊಂಡ ಮೇಲೆ ನೆನಪಾಯಿತು. ಮಜ್ಜಿಗೆ ಎಂದು ಬರೆದು ತೋರಿಸಿದೆ. ಅವಳು ಸ್ಲೇಟನ್ನು ತಿರುಗಿಸಿ ನೋಡಿ, ಸೆರಗಿನಲ್ಲಿ ಒರೆಸಿ, ಮಂಚದ ಕೆಳಕ್ಕೆ ತಳ್ಳಿದಳು. "ಇದೆಲ್ಲ ಬ್ಯಾಡ. ಮೂತಿ ತೋರ್ಸಿ, ಸಾಕು." ತೋರಿಸಿದೆ. ಮಜ್ಜಿಗೆ ಬಂತು. ದರ್ಜಿಯ ಹೆಂಡತಿಯಿಂದ ಏನು ಕಲಿತಳೋ, ಅವತ್ತಿನಿಂದ ಅವಳ ಊಹೆ ತಪ್ಪಿದ್ದು ಕಡಿಮೆ. ಬೇಡದ್ದನ್ನು ಬೇಡವೆಂದು ತಿಳಿದೂ ಕೊಟ್ಟದ್ದುಂಟು, ಅದು ಬೇರೆ ಮಾತು.

ಊರಿಗೆ ಬಂದರೆ ನೋಡಲು ಬರುವವರು ಬಿಡಬೇಕಲ್ಲ. ಮರುಳಪ್ಪನವರೂ ಬಂದರು, ಕೈಯಲ್ಲಿ ಎಳನೀರು ಹಿಡಿದುಕೊಂಡು.

"ಹೆಂಗಿದಿಯಾ ಬಸವ?"

ನಾನು ಕೈ ಮುಗಿದೆ.

"ಬಾಯ್ಬಿಟ್ಟು ಹೇಳ್ಲಾ."

"ಅವ್ರು ಮಾತಾಡಂಗಿಲ್ಲ ಅಯ್ಯ. ಗಂಟ್ಲು ನೋವು ಕಮ್ಮಿ, ಹಲ್ಲು ಅಲ್ಲಾಡ್ತದೆ, ರಾತ್ರಿ ನಿದ್ದೆ ಇಲ್ಲ, ಆ ಫಲ ಏನು ಬತ್ತದೋ ಅಂತ ಭಯ," ಎಂದಳು ಪಾರ್ವತಿ.

ನಾನು ಅವಳಿಗೆ ಭಯ ಎಂದು ಯಾವತ್ತೂ ತೋರಿಸಿಕೊಂಡಿರಲಿಲ್ಲ. ಮರುಳಪ್ಪನವರು ನನ್ನ ಮುಖ ನೋಡಿದರು, ಹೌದೇ ಎಂಬಂತೆ. ನಾನು ತಲೆಯಾಡಿಸಿದೆ. ಬಹಳ ಹಗುರವಾಯಿತು. ಅವರು ಹೊರಡುವಾಗ ಬಾಗಿಲಲ್ಲಿ ನಿಂತು, "ಎಣಿಕೆಗೆ ಬ್ಯಾರೆಯೋರು ಬತ್ತಾವ್ರೆ. ಆದ್ರೆ ಆ ರಾಗ ಇಲ್ಲ ಕಣ್ಲಾ," ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಎಳನೀರನ್ನು ಮಾತ್ರ ನಾನು ಪಾರ್ವತಿಯ ಕಡೆಗೆ ತಳ್ಳಿದೆ.

ಫಲ ಕೇಳಲು ಮತ್ತೆ ಬೆಂಗಳೂರಿಗೆ ಹೋದ ದಿನ ಡಾಕ್ಟರು ಕಾಗದ ಓದಿ, ಮೊದಲು ಪಾರ್ವತಿಯ ಕಡೆ ನೋಡಿದರು. "ನೀವು ಹೆದರಿದ್ದ ಕಾಯಿಲೆ ಅಲ್ಲಮ್ಮ."

ಅವಳು ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟಳು. ಡಾಕ್ಟರು ಅವಳ ಅಳು ನಿಲ್ಲುವವರೆಗೆ ಕಾದರು. ಅಷ್ಟು ಹೊತ್ತು ಕಾದದ್ದರಲ್ಲೇ ಇನ್ನೇನೋ ಉಳಿದಿದೆ ಎಂದು ನನಗೆ ಹೊಳೆಯಿತು.

"ಇದು ನರುಲಿ. ಚರ್ಮದ ಮೇಲೆ ಏಳುತ್ತಲ್ಲ, ಹಾಗೇ ಒಳಗೆ ಎದ್ದಿದೆ. ಪ್ರಾಣಕ್ಕೆ ಸದ್ಯ ಭಯವಿಲ್ಲ. ಆದರೆ ಕಿತ್ತರೂ ಮತ್ತೆ ಬರುತ್ತೆ. ಬಂದಾಗಲೆಲ್ಲ ಕೀಳಬೇಕು, ಬಿಟ್ಟರೆ ಉಸಿರಿಗೆ ಅಡ್ಡ ಬರುತ್ತೆ. ಇನ್ಮೇಲೆ ಕೂಗೋದು ಬಿಡಿ."

ಓದುವವರು ಯಾರಾದರೂ ಇಂಥದ್ದೇ ಬೆಂಚಿನ ಮೇಲೆ ಕೂತಿದ್ದರೆ ಅವರಿಗಾಗಿ ಒಂದು ಮಾತು. ಸಾವಿನ ಭಯ ಒಂದು ತರಹ. ಮತ್ತೆ ಬರುತ್ತೆ ಎನ್ನುವುದು ಇನ್ನೊಂದು ತರಹ. ಮೊದಲನೆಯದಕ್ಕೆ ದೇವರ ಮುಂದೆ ಅಳಬಹುದು, ಊರೆಲ್ಲ ಜೊತೆಗೆ ನಿಲ್ಲುತ್ತದೆ. ಎರಡನೆಯದು ಬರೀ ಸುಸ್ತು. ಎರಡನೆಯ ಸಲ ಕೀಳಿಸಿಕೊಳ್ಳಲು ಹೊರಟಾಗ ರೈಲು ನಿಲ್ದಾಣಕ್ಕೆ ಬಿಡಲು ಬಂದವರು ಕಡಿಮೆಯಾದರು. ಮೂರನೆಯ ಸಲ, "ಮತ್ತೆಲ್ಲಿಗ್ರೀ?" ಎಂದು ಕೇಳಿದರು. ಆಮೇಲೆ ಕೇಳುವುದನ್ನೂ ಬಿಟ್ಟರು. ತಪ್ಪು ಅವರದಲ್ಲ, ನನಗೇ ಸಾಕಾಗಿತ್ತು. ಅದೇ ಹಜಾರ, ಅದೇ ಬೆಚ್ಚಗಿನ ಕನ್ನಡಿ, ಅದೇ ಈ. ದರ್ಜಿ ಒಂದೆರಡು ಸಲ ಸಿಕ್ಕಿದ, ಆಮೇಲೆ ಸಿಗಲಿಲ್ಲ. ಸಿಗದಿದ್ದದ್ದು ವಾಸಿಯಾಗಿಯೋ ಏನೋ, ಕೇಳಲು ಧೈರ್ಯ ಬರಲಿಲ್ಲ. ಡಾಕ್ಟರಮ್ಮ ಮಾತ್ರ ನನ್ನನ್ನು ಕಂಡ ಕೂಡಲೇ, "ಬಂದ್ರಾ ಲಾಭದೋರು?" ಎನ್ನುತ್ತಿದ್ದರು. ಲಾಭ ಎನ್ನುತ್ತಾ ಮಲಗುತ್ತಿದ್ದೆ, ದನಿಯಲ್ಲಿ ಒಂದಿಷ್ಟು ಕಳೆದುಕೊಂಡು ಏಳುತ್ತಿದ್ದೆ. ಕಿತ್ತ ಜಾಗವೆಲ್ಲ ಗಾಯದ ಕಲೆಯಾಗಿ ಗಟ್ಟಿಯಾಗುತ್ತಾ ಹೋಯಿತು. ಕೊನೆಗೆ ಉಳಿದದ್ದು ಜಗಲಿಯ ಮೇಲೆ ಪಕ್ಕದಲ್ಲಿ ಕೂತವರಿಗೆ ಕೇಳುವಷ್ಟು. ಕತೆ ಹೇಳಲು ಅದು ಸಾಕು, ಕೇಳುವವರು ಹತ್ತಿರಕ್ಕೆ ಸರಿದು ಕೂರುತ್ತಾರೆ. ರಾಶಿಗೆ ಸಾಲದು.

ಸುಮ್ಮನೆ ಎಣಿಸಿ, ಹತ್ತಕ್ಕೊಂದು ಕಲ್ಲು ಇಡುತ್ತೇನೆಂದು ಶಿವಣ್ಣನಿಗೆ ಒಮ್ಮೆ ಹೇಳಿ ನೋಡಿದೆ. "ನಿನ್ ಮೇಲೆ ನಂಬ್ಕೆ ಇಲ್ಲ ಅಂತಲ್ಲ ಬಸಣ್ಣ," ಎಂದ ಅವನು, ನೆಲ ನೋಡುತ್ತಾ. "ಕಿವಿಗೆ ಬೀಳ್ದಿದ್ ಲೆಕ್ಕಾನ ಯಾರು ಒಪ್ತಾರೆ ಹೇಳು?" ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಅದೇ ನನಗೆ ಹೆಚ್ಚು ನೋವಾದದ್ದು.

ಹೀಗೆ ಕೆಲವು ವರ್ಷ ಕಳೆದವು. ಒಂದು ಬೇಸಿಗೆ ಮರುಳಪ್ಪನವರ ತೋಟದಲ್ಲಿ ಕಾಯಿ ಇಳಿಸಿದ್ದರು. ಎಣಿಸುವವನು ಮದುವೆಗೆಂದು ಹೋದವನು ಬಂದಿರಲಿಲ್ಲ. ಶಿವಣ್ಣನ ಲಾರಿ ಬಂದು ನಿಂತಿತ್ತು. ನಾನೂ ಪಾರ್ವತಿಯೂ ಬಿರುಕು ಕಾಯಿ ಆರಿಸುತ್ತಿದ್ದೆವು. ಮರುಳಪ್ಪನವರಿಗೆ ಆಗಲೇ ಕಣ್ಣು ಮಂಜು, ಹಳೆಯ ಹಾಗೆ ಸೋಗೆಯ ಮೇಲೆ ಕೂತಿದ್ದರು.

"ಲೇ ಬಸವ, ಒಂದ್ಸಲ ನೋಡ್ಲಾ," ಎಂದರು.

ಎದ್ದು ರಾಶಿಯ ಬುಡಕ್ಕೆ ಹೋದೆ. ಎರಡೂ ಕೈಗೆ ಕಾಯಿ ಹಿಡಿದೆ. ಕೈಗೆ ಎಲ್ಲ ನೆನಪಿತ್ತು. ಎಸೆದೆ. ತುಟಿ ಲಾಭ ಎಂದಿತು, ಹೊರಗೆ ಬಂದದ್ದು ಉಸಿರು.

"ಕೇಳ್ಸಲ್ಲ ಕಣಣ್ಣ," ಎಂದ ಶಿವಣ್ಣ, ಮೆಲ್ಲಗೆ.

"ಲಾಆಭ..."

ಪಾರ್ವತಿಯ ದನಿ. ಬಿರುಕು ಕಾಯಿಯ ಗುಡ್ಡೆ ಬಿಟ್ಟು ನನ್ನ ಎದುರಿಗೆ ಬಂದು ನಿಂತಿದ್ದಳು. ಕಣ್ಣು ನನ್ನ ತುಟಿಯ ಮೇಲಿತ್ತು. ರಾಗ ನನ್ನ ತಾತನದೇ, ಎಳೆಯುವ ಕಡೆ ಎಳೆದು, ಇಳಿಸುವ ಕಡೆ ಇಳಿಸಿ. ನಮ್ಮ ಕಡೆ ಹೆಂಗಸರು ರಾಶಿ ಕೂಗುವ ವಾಡಿಕೆ ಇಲ್ಲ. ಲಾರಿಯ ಹತ್ತಿರ ಯಾರೋ ನಕ್ಕರು. ಅವಳು ಅತ್ತ ತಿರುಗಲಿಲ್ಲ. ನಾನು ಎಸೆದೆ. ಎರಡು ಎಂದಳು. ಎಸೆದೆ. ಮೂರು ಎಂದಳು. ಅರವತ್ತರ ಆಚೆ, ನನ್ನ ದನಿ ಮುರಿದಿದ್ದ ಜಾಗ ಬಂದಾಗ ನನ್ನ ಕೈ ತಡವರಿಸಿತು. ಅವಳ ದನಿ ತಡವರಿಸಲಿಲ್ಲ.

ನೂರು ಕೂಗಿ ನಿಲ್ಲಿಸಿದಳು. ಶಿವಣ್ಣ ಮರುಳಪ್ಪನವರ ಕಡೆ ನೋಡಿದ. ಅವರು ಕೋಲೂರಿ ಎದ್ದರು, ನಿಧಾನವಾಗಿ ರಾಶಿಯ ಹತ್ತಿರ ಬಂದರು, ತಡಕಾಡಿ ಒಂದು ಕಾಯಿ ತೆಗೆದು ಬೇರೆ ಇಟ್ಟರು.